ಮೋಟಾರ್ ಸೈಕಲ್ಲಿನ ವಿದ್ಯುತ್ ಸ್ಟಾರ್ಟರು: ದೋಷಶೋಧನೆಯ ಚರಿತ್ರೆಗೊಂದು ಪೀಠಿಕೆ

ಯಂತ್ರಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅವುಗಳ ಆವಿಷ್ಕಾರವನ್ನು ಹೇಳಿ ವಿರಮಿಸುತ್ತಾರೆ. ಯಂತ್ರವು ಕೆಟ್ಟಾಗ ಜನರು ಅದನ್ನು ಹೇಗೆ ಸರಿಪಡಿಸಿಕೊಂಡರೆಂಬುದೂ ಚರಿತ್ರೆಯ ಅಂಗವೇ ಎಂಬುದು ನಮ್ಮ ಅಭಿಪ್ರಾಯ. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಗಳ ಪ್ರದೇಶವನ್ನು ದೃಷ್ಟಿಯಲ್ಲಿರಿಸಿಕೊಂಡು, ಮೋಟಾರ್ ಸೈಕಲ್ಲಿನ ವಿದ್ಯುತ್ ಸ್ಟಾರ್ಟರಿನ ಮೂಲಕ ಈ ಅಂಶವನ್ನು ಇಲ್ಲಿ ಪರಿಶೀಲಿಸುತ್ತೇವೆ.

ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಸ್ಟಾರ್ಟರು 1912ರ ಮಾದರಿಯ ಕ್ಯಾಡಿಲಾಕ್ ಕಾರಿನಲ್ಲಿ ಬಳಕೆಗೆ ಬಂದಿತು. 1914ರಲ್ಲಿ ಆ ದೇಶದ್ದೇ ಆದ ‘ಇಂಡಿಯನ್’ ಮೋಟಾರ್ ಸೈಕಲ್ ಸಂಸ್ಥೆಯು ‘ಹೆಂಡಿ ಸ್ಪೆಷಲ್’ ಎಂಬ ವಾಹನಕ್ಕೆ ಅದೇ ಸೌಕರ್ಯವನ್ನು ಅಳವಡಿಸಿತು. ಆದರೆ ಅಂದಿನ ಬ್ಯಾಟರಿಗಳು ಆ ಭಾರವನ್ನು ತಾಳಲಾರದೆ ಬರಿದಾಗುತ್ತಿದ್ದುದರಿಂದ ಆ ಮಾದರಿಯು ಬಹುಬೇಗ ನಿಂತುಹೋಯಿತು. ಸೋತದ್ದು ಮೋಟಾರಲ್ಲ, ಬ್ಯಾಟರಿ. ಮುಂದಿನ ವಿವೇಚನೆಗೆಲ್ಲ ಇದೇ ಕೀಲಿಕೈ. 1969ರಲ್ಲಿ ಜಪಾನಿನ ಹೋಂಡಾ ಸಂಸ್ಥೆಯು ತನ್ನ ‘ಸಿಬಿ 750’ ವಾಹನಕ್ಕೆ ವಿದ್ಯುತ್ ಸ್ಟಾರ್ಟರನ್ನು ಒದಗಿಸಿದರೂ ಕಾಲಿನಿಂದ ಒದೆಯುವ ಕಿಕ್ಕರನ್ನು ತೆಗೆದುಹಾಕಲಿಲ್ಲ.

ಕರ್ನಾಟಕದ ಮಟ್ಟಿಗೆ, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1961ರಿಂದ ತಯಾರಿಸಿದ ವಾಹನಗಳು ಕಾಲೊದೆತದಿಂದಲೇ ಚಾಲೂ ಆಗುತ್ತಿದ್ದವು. ಕಿಕ್ಕರೂ ಗೇರಿನ ಸನ್ನೆಯೂ ಒಂದೇ ಆಗಿದ್ದುದು ಜಾವಾದ ವೈಶಿಷ್ಟ್ಯ. 1996ರಲ್ಲಿ ಆ ಕಾರ್ಖಾನೆಯು ಮುಚ್ಚಿತು. ಇತ್ತ 1984ರಲ್ಲಿ ಬಂದ ಕೈನೆಟಿಕ್ ಹೋಂಡಾ ಸ್ಕೂಟರು ಗುಂಡಿಯೊತ್ತಿ ಹೊರಡುವ ಅಭ್ಯಾಸವನ್ನು ಭಾರತೀಯ ಕುಟುಂಬಗಳಿಗೆ ಕಲಿಸಿತು.

ಇನ್ನು ದೋಷಶೋಧನೆಯ ಕ್ರಮ. ‘ಸೆಲ್ಫ್ ಎತ್ತುತ್ತಿಲ್ಲ’ ಎಂಬ ಒಂದೇ ದೂರಿನ ಹಿಂದೆ ಹಲವು ಕಾರಣಗಳಿರುತ್ತವೆ. ಗುಂಡಿಯೊತ್ತಿದಾಗ ದೀಪ ಮಂಕಾದರೆ ಬ್ಯಾಟರಿಯನ್ನೋ ಅದರ ತುದಿಗಳ ಜೋಡಣೆಯನ್ನೋ ಶಂಕಿಸಬೇಕು. ತುಂಬಿದ 12 ವೋಲ್ಟಿನ ಬ್ಯಾಟರಿಯು ವಿಶ್ರಾಂತಿಯಲ್ಲಿ ಸುಮಾರು 12.6 ವೋಲ್ಟ್ ತೋರುವುದು. ಸ್ಟಾರ್ಟರಿನ ಭಾರ ಬಿದ್ದೊಡನೆ ಅದು 9.5ಕ್ಕಿಂತ ಕೆಳಗಿಳಿದರೆ ಶಕ್ತಿ ಸಾಲದೆಂದೇ ಅರ್ಥ. ‘ಟಿಕ್’ ಎಂಬ ಸದ್ದು ಮಾತ್ರ ಕೇಳಿಸಿದರೆ ರಿಲೇಯವರೆಗೆ ಆಜ್ಞೆ ತಲಪಿದೆ. ಬ್ಯಾಟರಿ ಸರಿಯಿದ್ದರೆ ದೋಷವು ರಿಲೇಯ ಸ್ಪರ್ಶಬಿಂದುಗಳಲ್ಲೋ ಮೋಟಾರಿನ ಬ್ರಷ್ಷುಗಳಲ್ಲೋ ಇದ್ದೀತು. ಏನೂ ಸದ್ದಿಲ್ಲದಿದ್ದರೆ ಫ್ಯೂಸು, ಗುಂಡಿ, ಕ್ಲಚ್ಚಿನ ಸ್ವಿಚ್ಚುಗಳನ್ನು ನೋಡಬೇಕು. ಮೋಟಾರು ತಿರುಗಿಯೂ ಎಂಜಿನ್ ತಿರುಗದಿದ್ದರೆ ಏಕಮುಖ ಕ್ಲಚ್ಚು ಸವೆದಿರಬಹುದು. ಮೊದಲು ಬ್ಯಾಟರಿ, ಕೊನೆಗೆ ಮೋಟಾರು ಎಂಬ ಈ ಕ್ರಮವು 1914ರ ಪಾಠವನ್ನೇ ಪುನರುಚ್ಚರಿಸುತ್ತದೆ.

ಈ ಪ್ರದೇಶದ ಭೂಗುಣವೂ ಇಲ್ಲಿ ಗಮನಾರ್ಹ. ಸಂಡೂರಿನ ಅದಿರಿನ ರಸ್ತೆಗಳಲ್ಲಿ ಕೆಂಧೂಳು ಸ್ವಿಚ್ಚುಗಳನ್ನು ಹೊಕ್ಕರೆ, ಕುಲುಕಾಟವು ತಂತಿಗಳ ಜೋಡಣೆಯನ್ನು ಸಡಿಲಿಸುತ್ತದೆ. ಕಾಲುವೆಯ ನೀರಿನಿಂದ ಬತ್ತ ಬೆಳೆಯುವ ಕಂಪ್ಲಿಯ ಕಡೆ ತೇವವು ಲೋಹದ ತುದಿಗಳಿಗೆ ಕಿಲುಬು ಹಿಡಿಸುತ್ತದೆ. ಹಂಪಿಯಲ್ಲಿ ಗುಡಿಯಿಂದ ಗುಡಿಗೆ ಅಲ್ಪದೂರ ಸಾಗಿ ಮತ್ತೆ ಮತ್ತೆ ನಿಲ್ಲುವ ವಾಹನದ ಬ್ಯಾಟರಿಗೆ, ವ್ಯಯವಾದ ಶಕ್ತಿಯನ್ನು ಮರಳಿ ತುಂಬಿಕೊಳ್ಳಲು ಅವಕಾಶವೇ ದೊರೆಯದು. ಹೊಸಪೇಟೆಯ ಬೇಸಿಗೆಯ ಕಾವು ಬ್ಯಾಟರಿಯ ಆಯುಷ್ಯವನ್ನು ಕುಗ್ಗಿಸುತ್ತದೆ.

ಸ್ಟಾರ್ಟರನ್ನು ತಿರುಗಿಸಲಾರದ ಬ್ಯಾಟರಿಯೂ ಕಿಡಿಯನ್ನು ಹುಟ್ಟಿಸಬಲ್ಲದು. ಆದುದರಿಂದಲೇ ಹಿಂದೆ ಒಂದು ಒದೆತವು ಸವಾರನನ್ನು ಊರು ಮುಟ್ಟಿಸುತ್ತಿತ್ತು. ಈಗ ಅನೇಕ ವಾಹನಗಳಲ್ಲಿ ಕಿಕ್ಕರೇ ಇಲ್ಲ. 2020ರ ಏಪ್ರಿಲಿನಲ್ಲಿ ಬಿ.ಎಸ್. 6 ನಿಯಮಗಳು ಜಾರಿಗೆ ಬಂದ ಮೇಲೆ ಬಹುಪಾಲು ಮೋಟಾರ್ ಸೈಕಲ್ಲುಗಳಲ್ಲಿ ಇಂಧನವನ್ನು ಒದಗಿಸುವ ಪಂಪು ಸಹ ವಿದ್ಯುತ್ತನ್ನೇ ಅವಲಂಬಿಸಿದೆ. ಬ್ಯಾಟರಿ ಪೂರ್ತಿ ಬರಿದಾದರೆ ತಳ್ಳಿದರೂ ಪ್ರಯೋಜನ ಕಡಮೆ. ಸವಾರನ ಸ್ವಾವಲಂಬನೆಯು ಹೀಗೆ ಮೆಕ್ಯಾನಿಕನ ಕೈಗೆ ಸಂದಿದೆ.

ಆ ಕೈಯ ಅರಿವು ಬಹುಮಟ್ಟಿಗೆ ಬಾಯಿಂದ ಬಾಯಿಗೆ ಸಾಗಿ ಬಂದುದು. ಬರವಣಿಗೆಗೆ ಇಳಿದುದು ಅತ್ಯಲ್ಪ. ಶಾಸನಗಳಿಗೆ ಪ್ರಸಿದ್ಧವಾದ ಈ ನಾಡಿನಲ್ಲಿ, ದುರಸ್ತಿ ಅಂಗಡಿಗಳ ಮಾತನ್ನೂ ಕ್ರಮವನ್ನೂ ವಿದ್ಯಾರ್ಥಿಗಳು ಸಂಗ್ರಹಿಸಿದರೆ, ಮುಂದಿನ ಚರಿತ್ರಕಾರರಿಗೆ ಅದೊಂದು ಆಧಾರವಾಗುವುದರಲ್ಲಿ ಸಂದೇಹವಿಲ್ಲ.