ಮೀನು ಸಂಸ್ಕರಣಾ ಘಟಕಗಳ ಮಧ್ಯಮ ಹಂತದ ವ್ಯವಸ್ಥಾಪಕರಿಗೆ ನಾಯಕತ್ವ ತರಬೇತಿ

1. ಪೀಠಿಕೆ

ಕರಾವಳಿಯ ಬಂದರುಗಳಲ್ಲಿ ಇಳಿಯುವ ಸೀಗಡಿ, ಬೊಂಡಾಸ, ಕಪ್ಪೆ ಬೊಂಡಾಸ, ರಾಣಿ ಮೀನು, ಬಂಗುಡೆ ಮುಂತಾದವುಗಳನ್ನು ಶುಚಿಗೊಳಿಸಿ, ವಿಂಗಡಿಸಿ, ಹೆಪ್ಪುಗಟ್ಟಿಸಿ ದೇಶ ವಿದೇಶಗಳ ಮಾರುಕಟ್ಟೆಗೆ ಕಳುಹಿಸುವ ಕಾರ್ಯವನ್ನು ಮೀನು ಸಂಸ್ಕರಣಾ ಘಟಕಗಳು ನಿರ್ವಹಿಸುತ್ತವೆ. ಘಟಕದ ಮಾಲೀಕರಿಗೂ ಮೇಜಿನ ಮುಂದೆ ನಿಂತು ಸಿಪ್ಪೆ ಸುಲಿಯುವ ಕಾರ್ಮಿಕರಿಗೂ ನಡುವೆ ಇರುವವರು ಪಾಳಿ ಮೇಲ್ವಿಚಾರಕರು, ಉತ್ಪಾದನಾ ವ್ಯವಸ್ಥಾಪಕರು, ಗುಣಮಟ್ಟ ನಿಯಂತ್ರಣ ತಂತ್ರಜ್ಞರು ಹಾಗೂ ಶೈತ್ಯಾಗಾರದ ಉಸ್ತುವಾರಿ ಸಿಬ್ಬಂದಿ. ಇವರನ್ನೇ ಮಧ್ಯಮ ಹಂತದ ವ್ಯವಸ್ಥಾಪಕರೆಂದು ಕರೆಯಲಾಗುತ್ತದೆ.

ಇವರಲ್ಲಿ ಬಹುತೇಕರು ಕೆಲಸದ ಅನುಭವದಿಂದ ಅಥವಾ ತಾಂತ್ರಿಕ ಪದವಿಯಿಂದ ಈ ಹುದ್ದೆಗೆ ಬಂದವರಾಗಿರುತ್ತಾರೆ. ಮೀನಿನ ಬಗ್ಗೆ ತಿಳಿದಿದ್ದರೂ ಜನರನ್ನು ಮುನ್ನಡೆಸುವ ವಿಧಾನವನ್ನು ಯಾರೂ ಇವರಿಗೆ ಕಲಿಸಿರುವುದಿಲ್ಲ. ಈ ಕೊರತೆಯನ್ನು ನೀಗಿಸುವುದೇ ನಾಯಕತ್ವ ತರಬೇತಿಯ ಉದ್ದೇಶವಾಗಿದೆ.

2. ತರಬೇತಿಯ ಅವಶ್ಯಕತೆ

2022ರ ಏಪ್ರಿಲ್ ತಿಂಗಳಿನಲ್ಲಿ ಮಂಗಳೂರು ಸಮೀಪದ ಬಜ್ಪೆಯ ಮೀನು ಸಂಸ್ಕರಣಾ ಘಟಕವೊಂದರಲ್ಲಿ ತ್ಯಾಜ್ಯದ ತೊಟ್ಟಿಗೆ ಬಿದ್ದ ಒಬ್ಬ ಕಾರ್ಮಿಕನನ್ನು ರಕ್ಷಿಸಲು ಇತರರು ಒಬ್ಬರ ಹಿಂದೆ ಒಬ್ಬರು ಇಳಿದು ವಿಷಾನಿಲಕ್ಕೆ ತುತ್ತಾದರು. ಪಶ್ಚಿಮ ಬಂಗಾಳದಿಂದ ದುಡಿಯಲು ಬಂದಿದ್ದ ಐವರು ಮೃತಪಟ್ಟರು. ಮುಚ್ಚಿದ ತೊಟ್ಟಿಯಲ್ಲಿ ಮೀನಿನ ತ್ಯಾಜ್ಯವು ಕೊಳೆತಾಗ ಹೈಡ್ರೋಜನ್ ಸಲ್ಫೈಡ್‌ನಂತಹ ಅನಿಲಗಳು ಉತ್ಪತ್ತಿಯಾಗುತ್ತವೆ. ಸದರಿ ಅನಿಲವು ಗಾಳಿಗಿಂತ ಭಾರವಾಗಿದ್ದು ತಳದಲ್ಲಿ ಸಂಗ್ರಹವಾಗುತ್ತದೆ. ಅದರ ಪ್ರಮಾಣ ಹೆಚ್ಚಾದಾಗ ಮೂಗಿಗೆ ವಾಸನೆಯೇ ತಿಳಿಯದಂತಾಗುತ್ತದೆ. ಆದುದರಿಂದ ವಾಸನೆ ಇಲ್ಲವೆಂದು ತೊಟ್ಟಿಗೆ ಇಳಿಯುವುದು ಪ್ರಾಣಾಪಾಯಕರ.

ಇಂತಹ ಸಂದರ್ಭದಲ್ಲಿ ಸ್ಥಳದಲ್ಲಿರುವವರು ಪಾಳಿ ಮೇಲ್ವಿಚಾರಕರೇ ಹೊರತು ಮಾಲೀಕರಲ್ಲ. "ಯಾರೂ ಇಳಿಯಬೇಡಿ" ಎಂದು ಆ ಕ್ಷಣದಲ್ಲಿ ಹೇಳುವ ಅಧಿಕಾರ, ಆ ಮಾತನ್ನು ಕಾರ್ಮಿಕರು ಪಾಲಿಸುವಷ್ಟು ವಿಶ್ವಾಸ ಹಾಗೂ ಅವರಿಗೆ ಅರ್ಥವಾಗುವ ಭಾಷೆ ಈ ಮೂರೂ ಮೇಲ್ವಿಚಾರಕರಲ್ಲಿ ಇರತಕ್ಕದ್ದು.

ವ್ಯಾಪಾರದ ದೃಷ್ಟಿಯಿಂದಲೂ ತರಬೇತಿ ಅವಶ್ಯಕ. 1997ರಲ್ಲಿ ಐರೋಪ್ಯ ಒಕ್ಕೂಟವು ನೈರ್ಮಲ್ಯದ ನ್ಯೂನತೆಗಳ ಕಾರಣ ಭಾರತದ ಮೀನು ಉತ್ಪನ್ನಗಳ ಆಮದನ್ನು ಕೆಲಕಾಲ ನಿಷೇಧಿಸಿತ್ತು. ಅದೇ ವರ್ಷದ ಡಿಸೆಂಬರ್‌ನಿಂದ ಅಮೆರಿಕ ಸಂಯುಕ್ತ ಸಂಸ್ಥಾನವು ಮೀನು ಉತ್ಪನ್ನಗಳಿಗೆ ಅಪಾಯ ವಿಶ್ಲೇಷಣೆ ಹಾಗೂ ನಿರ್ಣಾಯಕ ನಿಯಂತ್ರಣ ಬಿಂದು (ಎಚ್.ಎ.ಸಿ.ಸಿ.ಪಿ.) ಪದ್ಧತಿಯನ್ನು ಕಡ್ಡಾಯಗೊಳಿಸಿತು. ಸದರಿ ನಿಯಮದಂತೆ ಯೋಜನೆಯ ತಯಾರಿಕೆ, ಪುನರ್ ಪರಿಶೀಲನೆ ಮತ್ತು ದಾಖಲೆಗಳ ಪರಿಶೀಲನೆಯನ್ನು ತರಬೇತಿ ಅಥವಾ ತತ್ಸಮಾನ ಅನುಭವ ಹೊಂದಿದವರೇ ಮಾಡಬೇಕು. ಹೆಪ್ಪುಗಟ್ಟಿಸಿದ ಉತ್ಪನ್ನಗಳ ದಾಖಲೆಗಳನ್ನು ಕನಿಷ್ಠ 2 ವರ್ಷ ಕಾಯ್ದಿರಿಸಬೇಕು.

3. ತರಬೇತಿಯಲ್ಲಿ ಒಳಗೊಳ್ಳಬೇಕಾದ ವಿಷಯಗಳು

(ಅ) ಆಹಾರ ಸುರಕ್ಷತೆ: ಬಂಗುಡೆ ಮತ್ತು ಟ್ಯೂನಾ ಮೀನುಗಳನ್ನು ಹಿಡಿದ ಕೂಡಲೇ ತಣ್ಣಗಿಡದಿದ್ದಲ್ಲಿ ಹಿಸ್ಟಮಿನ್ ಎಂಬ ವಸ್ತು ಉತ್ಪತ್ತಿಯಾಗುತ್ತದೆ. ಒಮ್ಮೆ ಉಂಟಾದ ಹಿಸ್ಟಮಿನ್ ಬೇಯಿಸುವುದರಿಂದಾಗಲೀ ಹೆಪ್ಪುಗಟ್ಟಿಸುವುದರಿಂದಾಗಲೀ ನಾಶವಾಗುವುದಿಲ್ಲ. ಮಂಜುಗಡ್ಡೆ ಸಾಲದ ಮೀನನ್ನು ಬಾಗಿಲಲ್ಲೇ ತಿರಸ್ಕರಿಸುವ ತೀರ್ಮಾನವನ್ನು ಮೇಲ್ವಿಚಾರಕರೇ ಕೈಗೊಳ್ಳಬೇಕಾಗುತ್ತದೆ. ಶೈತ್ಯಾಗಾರದಲ್ಲಿ ಉತ್ಪನ್ನದ ಉಷ್ಣತೆ ಮೈನಸ್ 18 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆ ಇರತಕ್ಕದ್ದು.

(ಆ) ದಾಖಲೆಗಳ ಸತ್ಯತೆ: ಉಷ್ಣತೆಯನ್ನು ಅಳತೆ ಮಾಡದೆ ಪಾಳಿಯ ಕೊನೆಯಲ್ಲಿ ಒಂದೇ ಸಲಕ್ಕೆ ನಮೂದಿಸುವುದು ಗಂಭೀರ ಲೋಪ. ತಪ್ಪನ್ನು ವರದಿ ಮಾಡಿದ ಕಾರ್ಮಿಕರನ್ನು ದಂಡಿಸಿದಲ್ಲಿ ಮುಂದೆ ಯಾರೂ ವರದಿ ಮಾಡುವುದಿಲ್ಲ ಎಂಬುದನ್ನು ವ್ಯವಸ್ಥಾಪಕರು ಅರಿತಿರಬೇಕು.

(ಇ) ಸಿಬ್ಬಂದಿ ನಿರ್ವಹಣೆ: ಸಿಪ್ಪೆ ಸುಲಿಯುವ ಹಾಗೂ ವಿಂಗಡಿಸುವ ವಿಭಾಗಗಳಲ್ಲಿ ಮಹಿಳೆಯರೇ ಅಧಿಕ. 10 ಅಥವಾ ಹೆಚ್ಚು ಮಂದಿ ಕೆಲಸ ಮಾಡುವ ಸ್ಥಳದಲ್ಲಿ 2013ರ ಲೈಂಗಿಕ ಕಿರುಕುಳ ತಡೆ ಕಾಯಿದೆಯನ್ವಯ ಆಂತರಿಕ ಸಮಿತಿ ಕಡ್ಡಾಯ. ಹೊರರಾಜ್ಯದ ಕಾರ್ಮಿಕರಿರುವಲ್ಲಿ ಸೂಚನಾ ಫಲಕಗಳನ್ನು ಅವರ ಭಾಷೆಯಲ್ಲಿ ಹಾಗೂ ಚಿತ್ರಗಳ ಮೂಲಕ ಪ್ರದರ್ಶಿಸುವುದು ಸೂಕ್ತ.

(ಈ) ತುರ್ತು ಸಂದರ್ಭ: ಅಮೋನಿಯಾ ಸೋರಿಕೆ, ವಿದ್ಯುತ್ ಅವಘಡ, ಮುಚ್ಚಿದ ತೊಟ್ಟಿಗಳ ಪ್ರವೇಶ ಇವುಗಳ ಬಗ್ಗೆ ಅಣಕು ಕಾರ್ಯಾಚರಣೆ ನಡೆಸತಕ್ಕದ್ದು. ಯಾರು ಯಾರನ್ನು ಕರೆಯಬೇಕು, ಯಾವ ದ್ವಾರದಿಂದ ಹೊರಹೋಗಬೇಕು ಎಂಬುದು ಪ್ರತಿ ಪಾಳಿಗೂ ತಿಳಿದಿರಬೇಕು.

(ಉ) ವೆಚ್ಚ ಮತ್ತು ನಷ್ಟದ ಲೆಕ್ಕ: ಉದಾಹರಣೆಗೆ, ದಿನಕ್ಕೆ 1,000 ಕಿ.ಗ್ರಾಂ. ಕಚ್ಚಾ ಮೀನು ಬಳಸುವ ಘಟಕದಲ್ಲಿ ಅಜಾಗರೂಕತೆಯಿಂದ ಶೇ. 2ರಷ್ಟು ಹೆಚ್ಚುವರಿಯಾಗಿ ವ್ಯರ್ಥವಾದಲ್ಲಿ ದಿನಕ್ಕೆ 20 ಕಿ.ಗ್ರಾಂ., 25 ಕೆಲಸದ ದಿನಗಳಿಗೆ 500 ಕಿ.ಗ್ರಾಂ. ನಷ್ಟವಾಗುತ್ತದೆ. ಈ ಲೆಕ್ಕವನ್ನು ಕಾರ್ಮಿಕರ ಮುಂದಿಟ್ಟು ವಿವರಿಸುವುದು ಬೈಯುವುದಕ್ಕಿಂತ ಪರಿಣಾಮಕಾರಿ.

4. ತರಬೇತಿ ಹಾಗೂ ಮಾರ್ಗದರ್ಶನ ನೀಡುವ ಸಂಸ್ಥೆಗಳು

1) ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ, ಕೊಚ್ಚಿ: ಸಂಸ್ಕರಣೆ, ಗುಣಮಟ್ಟ ಖಾತ್ರಿ ಹಾಗೂ ಎಚ್.ಎ.ಸಿ.ಸಿ.ಪಿ. ತರಬೇತಿ.
2) ರಾಷ್ಟ್ರೀಯ ಮೀನುಗಾರಿಕಾ ಕೊಯ್ಲೋತ್ತರ ತಂತ್ರಜ್ಞಾನ ಮತ್ತು ತರಬೇತಿ ಸಂಸ್ಥೆ, ಕೊಚ್ಚಿ: ಮೀನು ಸಂಸ್ಕರಣೆ ಹಾಗೂ ಶೈತ್ಯೀಕರಣ ತರಬೇತಿ.
3) ಸಾಗರ ಉತ್ಪನ್ನಗಳ ರಫ್ತು ಅಭಿವೃದ್ಧಿ ಪ್ರಾಧಿಕಾರ: 1972ರಲ್ಲಿ ಸ್ಥಾಪಿತವಾದ ಈ ಪ್ರಾಧಿಕಾರವು ರಫ್ತು ಘಟಕಗಳ ಸಿಬ್ಬಂದಿಗೆ ಗುಣಮಟ್ಟ ಸಂಬಂಧಿತ ತರಬೇತಿ ನೀಡುತ್ತದೆ.
4) ಮೀನುಗಾರಿಕಾ ಮಹಾವಿದ್ಯಾಲಯ, ಮಂಗಳೂರು: 1969ರಲ್ಲಿ ಪ್ರಾರಂಭವಾದ ಈ ಮಹಾವಿದ್ಯಾಲಯದಲ್ಲಿ ಮೀನು ಸಂಸ್ಕರಣಾ ತಂತ್ರಜ್ಞಾನದ ಶಿಕ್ಷಣ ಹಾಗೂ ತಾಂತ್ರಿಕ ಮಾರ್ಗದರ್ಶನ ಲಭ್ಯ.
5) ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ: ಆಹಾರ ಸುರಕ್ಷತಾ ಮೇಲ್ವಿಚಾರಕರಿಗೆ ತರಬೇತಿ ಹಾಗೂ ಪ್ರಮಾಣ ಪತ್ರ. ಪರವಾನಗಿ ಹೊಂದಿದ ಘಟಕದಲ್ಲಿ ಪ್ರತಿ 25 ಆಹಾರ ನಿರ್ವಾಹಕರಿಗೆ ಒಬ್ಬ ತರಬೇತಾದ ಮೇಲ್ವಿಚಾರಕರಿರಬೇಕು.

5. ಅರ್ಜಿದಾರರ ಗಮನಕ್ಕೆ

ಅವಧಿ, ಶುಲ್ಕ ಮತ್ತು ಅರ್ಹತೆ ಸಂಸ್ಥೆಯಿಂದ ಸಂಸ್ಥೆಗೆ ಬದಲಾಗುವುದರಿಂದ ಆಯಾ ಸಂಸ್ಥೆಯ ಪ್ರಕಟಣೆಯನ್ನು ಪರಿಶೀಲಿಸಿ ಅರ್ಜಿ ಸಲ್ಲಿಸತಕ್ಕದ್ದು. ಗುರುತಿನ ಚೀಟಿ, ವಿದ್ಯಾರ್ಹತೆಯ ಪ್ರಮಾಣ ಪತ್ರ, ಕೆಲಸ ಮಾಡುತ್ತಿರುವ ಘಟಕದ ಅನುಭವ ಪತ್ರ ಹಾಗೂ ಇತ್ತೀಚಿನ ಭಾವಚಿತ್ರಗಳನ್ನು ಮುಂಚಿತವಾಗಿ ಸಿದ್ಧಪಡಿಸಿಕೊಳ್ಳುವುದು ಒಳಿತು.

ರಾಜ್ಯದ ಕರಾವಳಿಯಲ್ಲಿ ಜೂನ್ 1 ರಿಂದ ಜುಲೈ 31 ರವರೆಗೆ 61 ದಿನಗಳ ಕಾಲ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಈ ಅವಧಿಯಲ್ಲಿ ಘಟಕಗಳಿಗೆ ಬರುವ ಮೀನು ಕಡಿಮೆಯಾಗುವುದರಿಂದ ಸಿಬ್ಬಂದಿಯನ್ನು ತರಬೇತಿಗೆ ನಿಯೋಜಿಸಲು ಇದು ಸಕಾಲ.

6. ಘಟಕದ ಮಾಲೀಕರ ಹೊಣೆ

ತರಬೇತಿ ಪಡೆದು ಬಂದ ವ್ಯವಸ್ಥಾಪಕರಿಗೆ ಕೆಲಸ ನಿಲ್ಲಿಸುವ ಅಧಿಕಾರವನ್ನು ಲಿಖಿತವಾಗಿ ನೀಡತಕ್ಕದ್ದು. ರವಾನೆಗೆ ಕಂಟೈನರ್ ಕಾಯುತ್ತಿರುವಾಗಲೂ ಅಪಾಯ ಕಂಡಲ್ಲಿ ಯಂತ್ರ ನಿಲ್ಲಿಸುವ ಸ್ವಾತಂತ್ರ್ಯ ಅವರಿಗೆ ಇಲ್ಲದಿದ್ದಲ್ಲಿ ಪ್ರಮಾಣ ಪತ್ರವು ಗೋಡೆಗೆ ಮಾತ್ರ ಸೀಮಿತವಾಗುತ್ತದೆ.

ಹೆಚ್ಚಿನ ಮಾಹಿತಿಗಾಗಿ ಆಯಾ ಜಿಲ್ಲೆಯ ಮೀನುಗಾರಿಕೆ ಇಲಾಖೆಯ ಕಛೇರಿಯನ್ನು ಕೆಲಸದ ವೇಳೆಯಲ್ಲಿ ಸಂಪರ್ಕಿಸಬಹುದು.