ಎರಡೂ ಕಡೆ ಇಲ್ಲದ ಗಿಡ: ಪ್ರಭೇದ ಸಾಮ್ಯ ಸೂಚ್ಯಂಕಗಳ ಚರಿತ್ರೆ

ಆಲ್ಪ್ಸ್ ಪರ್ವತದ ಎರಡು ಹುಲ್ಲುಗಾವಲುಗಳಲ್ಲಿ ತೆಂಗಿನ ಮರವಿಲ್ಲ, ಬಾಳೆಯೂ ಇಲ್ಲ, ಶ್ರೀಗಂಧವೂ ಇಲ್ಲ. ಇಷ್ಟಕ್ಕೇ ಅವೆರಡೂ ಒಂದನ್ನೊಂದು ಹೋಲುತ್ತವೆ ಎನ್ನಬಹುದೇ? ಪ್ರಶ್ನೆ ಸಣ್ಣದಾಗಿ ಕಂಡೀತು. ಆದರೆ ಎರಡು ಜೀವಿಸಮುದಾಯಗಳ ಪ್ರಭೇದ ಸಾಮ್ಯವನ್ನು ಅಳೆಯುವ ವಿಧಾನಗಳ ಚರಿತ್ರೆ ಬಹುಮಟ್ಟಿಗೆ ನಿಂತಿರುವುದು ಇದಕ್ಕೆ ದೊರೆತ ಉತ್ತರದ ಮೇಲೆ ಎಂಬುದು ನನ್ನ ವಾದ.

ಸ್ವಿಟ್ಜರ್ಲೆಂಡಿನ ಸಸ್ಯವಿಜ್ಞಾನಿ ಪಾಲ್ ಜಕಾರ್ (1868–1944) ಡ್ರಾನ್ಸ್ ನದೀಕಣಿವೆ ಮತ್ತು ಅದರ ಆಸುಪಾಸಿನ ಆಲ್ಪ್ಸ್ ಸಸ್ಯಗಳ ಹಂಚಿಕೆಯ ಬಗ್ಗೆ 1901ರಲ್ಲಿ ಬರೆದರು. ಅವರು ಬಳಸಿದ ‘ಸಮುದಾಯ ಗುಣಾಂಕ’ದ ಲೆಕ್ಕ ಬಲು ಸರಳ. ಒಂದು ಹುಲ್ಲುಗಾವಲಿನಲ್ಲಿ 40 ಪ್ರಭೇದಗಳಿವೆ, ಇನ್ನೊಂದರಲ್ಲಿ 30, ಎರಡರಲ್ಲೂ ಇರುವವು 20 ಎಂದುಕೊಳ್ಳೋಣ. ಎರಡೂ ಪಟ್ಟಿಗಳನ್ನು ಸೇರಿಸಿ, ಮರುಕಳಿಸಿದ ಹೆಸರುಗಳನ್ನು ಒಮ್ಮೆ ಮಾತ್ರ ಎಣಿಸಿದರೆ ಒಟ್ಟು 50 ಪ್ರಭೇದಗಳು. ಐವತ್ತರಲ್ಲಿ ಇಪ್ಪತ್ತು, ಅಂದರೆ ಶೇ. 40. ಎರಡೂ ಕಡೆ ಇಲ್ಲದ ಗಿಡಕ್ಕೆ ಈ ಲೆಕ್ಕದಲ್ಲಿ ಜಾಗವೇ ಇಲ್ಲ. ಅದು ಸರಿ ಕೂಡ. ಒಂದು ಗಿಡ ಇದೆ ಎಂದರೆ ಆ ನೆಲ, ಆ ಹವೆ ಅದಕ್ಕೆ ಒಗ್ಗಿದೆ ಎಂದರ್ಥ. ಇಲ್ಲ ಎನ್ನುವುದಕ್ಕೆ ನೂರು ಕಾರಣ: ಚಳಿ ತಡೆಯಲಿಲ್ಲ, ಬೀಜ ಬಂದು ಬೀಳಲಿಲ್ಲ, ದನ ಮೇಯ್ದುಬಿಟ್ಟಿತು, ಇಲ್ಲವೇ ಹುಡುಕಿದವರ ಕಣ್ಣಿಗೆ ಬೀಳಲಿಲ್ಲ.

ಇದೇ ಸೂತ್ರ 17 ವರ್ಷ ಮೊದಲು ಅಮೆರಿಕದಲ್ಲಿ, ಸಸ್ಯಶಾಸ್ತ್ರಕ್ಕೆ ಸಂಬಂಧವೇ ಇಲ್ಲದ ಕಡೆ ಕಾಣಿಸಿಕೊಂಡಿತ್ತು. ಜಾನ್ ಫಿನ್ಲೆ 1884ರಲ್ಲಿ ಸುಂಟರಗಾಳಿಯ 2,803 ಮುನ್ಸೂಚನೆಗಳನ್ನು ಪ್ರಕಟಿಸಿ, ಶೇ. 96.6ರಷ್ಟು ನಿಜವಾದವು ಎಂದರು. ಅವುಗಳಲ್ಲಿ 2,680 ‘ಬರುವುದಿಲ್ಲ’ ಎಂದು ಹೇಳಿ, ಬಾರದೇ ಹೋದವು. ದಿನವೂ ‘ಬರುವುದಿಲ್ಲ’ ಎಂದೇ ಹೇಳಿದ್ದರೆ ಅಂಕ ಶೇ. 98.2ಕ್ಕೆ ಏರುತ್ತಿತ್ತು! ಭೂವಿಜ್ಞಾನಿ ಗ್ರೋವ್ ಕಾರ್ಲ್ ಗಿಲ್ಬರ್ಟ್ ಅದೇ ವರ್ಷ ಆ 2,680ನ್ನು ಬದಿಗಿಟ್ಟು ಲೆಕ್ಕ ಹಾಕಿದರು. ಉಳಿದ 123ರಲ್ಲಿ ಸರಿಯಾದವು 28, ಅಂದರೆ ಸುಮಾರು ಶೇ. 23. ಇಲ್ಲದ್ದನ್ನು ಎಣಿಸಿದರೆ ಸಂಖ್ಯೆ ಎಷ್ಟು ಉಬ್ಬುತ್ತದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ತಿಳಿದಿಲ್ಲ.

ಮುಂದೆ ಲೀ ಡೈಸ್ (1945) ಮತ್ತು ಡೆನ್ಮಾರ್ಕಿನ ಥಾರ್ವಾಲ್ ಸೋರೆನ್ಸೆನ್ (1948) ಸಮಾನ ಪ್ರಭೇದಗಳಿಗೆ ಇಮ್ಮಡಿ ತೂಕ ಕೊಟ್ಟರು. ನಮ್ಮ ಹುಲ್ಲುಗಾವಲುಗಳ ಸಾಮ್ಯ ಆಗ ಶೇ. 57. ಜಕಾರ್ ಮೇಲೋ ಸೋರೆನ್ಸೆನ್ ಮೇಲೋ ಎಂಬ ಚರ್ಚೆಗೆ ಹೆಚ್ಚು ಬೆಲೆ ಕೊಡಬೇಕಿಲ್ಲ. ಒಂದರಿಂದ ಇನ್ನೊಂದನ್ನು ನೇರವಾಗಿ ಪಡೆಯಬಹುದು. ಯಾವ ಜೋಡಿ ಹೆಚ್ಚು ಹತ್ತಿರ ಎಂಬ ಕ್ರಮವೂ ಬದಲಾಗದು. ಬ್ರೇ ಮತ್ತು ಕರ್ಟಿಸ್ 1957ರಲ್ಲಿ ವಿಸ್ಕಾನ್ಸಿನ್ ಕಾಡುಗಳ ಅಧ್ಯಯನದಲ್ಲಿ ಇಟ್ಟದ್ದು ದೊಡ್ಡ ಹೆಜ್ಜೆ: ಮರ ಇದೆಯೇ ಎಂಬುದರ ಜೊತೆಗೆ ಎಷ್ಟಿದೆ ಎಂಬುದೂ ಲೆಕ್ಕಕ್ಕೆ ಬಂತು. ಅಲ್ಲಿಯೂ ಎರಡೂ ಕಡೆಯ ಸೊನ್ನೆ ಹೊರಗೇ ಉಳಿಯಿತು.

ಆದರೂ ಒಂದು ತೊಡಕು ಉಳಿದಿತ್ತು. ಒಂದು ಹುಲ್ಲುಗಾವಲಿನಲ್ಲಿ 50 ಪ್ರಭೇದಗಳಿದ್ದು, ಇನ್ನೊಂದರ 20 ಪ್ರಭೇದಗಳೂ ಅವುಗಳೊಳಗೇ ಇದ್ದರೆ ಜಕಾರ್ ಲೆಕ್ಕ ಮತ್ತೆ ಶೇ. 40 ಎನ್ನುತ್ತದೆ. ಮೊದಲ ಜೋಡಿಯಲ್ಲಿ ಎರಡೂ ಕಡೆ ತನ್ನದೇ ಎನ್ನುವ ಗಿಡಗಳಿದ್ದವು. ಇಲ್ಲಿ ಒಂದು ಕಡೆ ಬರೀ ನಷ್ಟ. ಸಸ್ತನಿಗಳ ಹೋಲಿಕೆಗೆ ಜಾರ್ಜ್ ಗೇಲಾರ್ಡ್ ಸಿಂಪ್ಸನ್ 1943ರಲ್ಲಿ ಚಿಕ್ಕ ಪಟ್ಟಿಯಿಂದಷ್ಟೇ ಭಾಗಿಸಿದ್ದರು. ಹಾಗೆ ಮಾಡಿದರೆ ಈ ಜೋಡಿಗೆ ಶೇ. 100, ಮೊದಲಿನದಕ್ಕೆ ಶೇ. 67. ಅದನ್ನೇ ಆಧಾರವಾಗಿಟ್ಟುಕೊಂಡು ಸ್ಪೇನಿನ ಆಂಡ್ರೆಸ್ ಬಸೆಲ್ಗಾ 2010ರಲ್ಲಿ ಪ್ರಭೇದಗಳ ಅದಲುಬದಲನ್ನೂ ನಷ್ಟವನ್ನೂ ಬೇರೆಬೇರೆಯಾಗಿ ತೋರಿಸಿಕೊಟ್ಟರು. ಕಾಡಿನ ಯಾವ ತುಂಡನ್ನು ಉಳಿಸಿಕೊಳ್ಳಬೇಕೆಂದು ನಿರ್ಧರಿಸುವವರಿಗೆ ಈ ಎರಡರ ವ್ಯತ್ಯಾಸ ತಿಳಿದಿರಲೇಬೇಕು. ಆದ್ದರಿಂದ ಕ್ಷೇತ್ರಕಾರ್ಯ ಮಾಡುವ ಸಂಶೋಧಕರಲ್ಲಿ ನನ್ನ ವಿನಂತಿ: ಸೂಚ್ಯಂಕವೊಂದನ್ನೇ ಅಚ್ಚು ಹಾಕಬೇಡಿ, ಅದರೊಡನೆ ಪ್ರಭೇದಗಳ ಪೂರ್ಣ ಪಟ್ಟಿಯನ್ನೂ ಕೊಡಿ.