ಅಂಗಸಾಧಕರೂ ಪುರುಷ ಹಾರ್ಮೋನೂ: ಒಂದು ಚಾರಿತ್ರಿಕ ವಿವೇಚನೆ

ಅಂಗಸಾಧಕರು ಸ್ಟೆರಾಯ್ಡುಗಳನ್ನು ಸೇವಿಸಿ ಕೆಟ್ಟುದನ್ನು ಕೇವಲ ದುರಾಸೆಯ ಕಥೆಯೆಂದು ಬರೆಯುವ ವಾಡಿಕೆಯುಂಟು. ಆದರೆ ವಿಚಾರಾರ್ಹವಾದ ಪ್ರಶ್ನೆ ಬೇರೆ. ಈ ದ್ರವ್ಯಗಳ ಗುಣವೂ ದೋಷವೂ ಒಂದೇ ಬೇರಿನವು ಎಂದು ತಿಳಿದ ಮೇಲೂ ಎಚ್ಚರಿಕೆಯ ಮಾತು ಅಂಗಸಾಧಕರ ಕಿವಿಗೆ ಏಕೆ ತಲುಪಲಿಲ್ಲ?

1849ರಲ್ಲಿ ಗಟಿಂಗೆನ್ನಿನ ಬೆರ್ಥೋಲ್ಡನು ಹುಂಜಗಳ ವೃಷಣಗಳನ್ನು ತೆಗೆದು, ಕೆಲವಕ್ಕೆ ಅವನ್ನು ಉದರದಲ್ಲಿ ಮತ್ತೆ ಕಸಿಮಾಡಿದನು. ಕಸಿಮಾಡಿದ ಹುಂಜಗಳ ಜುಟ್ಟೂ ಕೂಗೂ ಉಳಿದವು. 1889ರಲ್ಲಿ ಪ್ಯಾರಿಸಿನ ಬ್ರೌನ್ ಸೆಕಾರ್, ತನ್ನ 72ನೆಯ ವಯಸ್ಸಿನಲ್ಲಿ, ಪ್ರಾಣಿಗಳ ವೃಷಣಸಾರವನ್ನು ಚುಚ್ಚಿಕೊಂಡು ಯೌವನ ಮರಳಿತೆಂದು ಸಾರಿದನು. ನೀರಿನಲ್ಲಿ ತೆಗೆದ ಆ ಸಾರದಲ್ಲಿ ಹಾರ್ಮೋನು ಇದ್ದುದು ಅತ್ಯಲ್ಪ. ಮರಳಿದ್ದು ಬಹುಶಃ ನಂಬಿಕೆಯೇ. ಟೆಸ್ಟಾಸ್ಟಿರೋನ್ ಶುದ್ಧರೂಪದಲ್ಲಿ ದೊರೆತದ್ದು 1935ರಲ್ಲಿ, ಆಮ್‌ಸ್ಟರ್‌ಡ್ಯಾಮಿನ ಲಾಕರನ ಪ್ರಯೋಗಶಾಲೆಯಲ್ಲಿ. ಬುಟೆನಾಂಟ್ ಮತ್ತು ರುಜಿಕಾ ಅದೇ ವರ್ಷ ಅದನ್ನು ಕೃತಕವಾಗಿ ತಯಾರಿಸಿದರು. ಪುರುಷ ಹಾರ್ಮೋನು ದೇಹದಲ್ಲಿ ಸಾರಜನಕವನ್ನು ಉಳಿಸುತ್ತದೆ, ಎಂದರೆ ಮಾಂಸವನ್ನು ಬೆಳೆಸುತ್ತದೆ, ಎಂದು ಕೊಚಾಕಿಯನ್ ನಾಯಿಗಳಲ್ಲಿ ತೋರಿಸಿದ್ದೂ ಅದೇ 1935ರಲ್ಲಿಯೇ.

ಪೌರುಷಲಕ್ಷಣವನ್ನು ಬಿಟ್ಟು ಮಾಂಸವರ್ಧನೆಯನ್ನು ಮಾತ್ರ ಪಡೆಯಬೇಕೆಂಬುದು ಅಲ್ಲಿಂದಾಚೆಗೆ ರಸಾಯನಜ್ಞರ ಹಂಬಲವಾಯಿತು. ಪೂರ್ಣವಾಗಿ ಅದು ಸಿದ್ಧಿಸಲಿಲ್ಲ. 1958ರಲ್ಲಿ ಸೀಬಾ ಕಂಪನಿಯು ಡಯಾನಬಾಲ್ ಗುಳಿಗೆಯನ್ನು ಅಮೆರಿಕದ ಮಾರುಕಟ್ಟೆಗೆ ತಂದಿತು. ಯಾರ್ಕ್ ನಗರದ ಭಾರ ಎತ್ತುವವರಿಗೆ ಅದನ್ನು ಪರಿಚಯಿಸಿದ ವೈದ್ಯ ಜಾನ್ ಜೀಗ್ಲರ್, ಅವರು ತಾನು ಹೇಳಿದ ಪ್ರಮಾಣವನ್ನು ಮೀರಿದುದನ್ನು ಕಂಡು ಮುಂದೆ ಪಶ್ಚಾತ್ತಾಪಪಟ್ಟನು.

ದೇಹವು ತನ್ನ ಹಾರ್ಮೋನನ್ನು ಅಳೆದು ಉತ್ಪಾದಿಸುತ್ತದೆ. ರಕ್ತದಲ್ಲಿ ಅದು ಹೆಚ್ಚಿದಾಗ ಮೆದುಳಿನ ತಳದ ಪಿಟ್ಯುಟರಿ ಗ್ರಂಥಿಯು ವೃಷಣಗಳಿಗೆ ಕಳುಹಿಸುವ ಪ್ರೇರಣೆಯನ್ನು ತಗ್ಗಿಸುತ್ತದೆ. ಹೊರಗಿನಿಂದ ಬಂದುದನ್ನೂ ಅದು ತನ್ನದೆಂದೇ ಎಣಿಸುವುದರಿಂದ ವೃಷಣಗಳು ಕುಗ್ಗುತ್ತವೆ, ವೀರ್ಯಾಣುಗಳು ಕ್ಷೀಣಿಸುತ್ತವೆ. ಔಷಧ ನಿಲ್ಲಿಸಿದ ಮೇಲೂ ಈ ಮೌನ ತಿಂಗಳುಗಟ್ಟಲೆ, ಕೆಲವರಲ್ಲಿ ಇನ್ನೂ ದೀರ್ಘಕಾಲ, ಮುಂದುವರಿಯುವುದುಂಟು. ಅಧಿಕವಾದ ಹಾರ್ಮೋನಿನ ಒಂದಂಶವನ್ನು ಅರೊಮಟೇಸ್ ಎಂಬ ಕಿಣ್ವವು ಸ್ತ್ರೀಹಾರ್ಮೋನಾಗಿ ಮಾರ್ಪಡಿಸುತ್ತದೆ. ಪೌರುಷವನ್ನು ಅರಸಿದವನ ಎದೆಯಲ್ಲಿ ಸ್ತನವು ಬೆಳೆಯುವುದು ಇದರಿಂದಲೇ. ಸೇವಿಸಿದ ಸ್ತ್ರೀಯರಲ್ಲಿ ಗಡುಸಾದ ಧ್ವನಿಯು ಬಹುಮಟ್ಟಿಗೆ ಹಿಂದಿರುಗದು.

ಇನ್ನು ಮೊದಲ ಪ್ರಶ್ನೆಗೆ ಬರೋಣ. 1977ರಲ್ಲಿ ಅಮೆರಿಕದ ಕ್ರೀಡಾವೈದ್ಯರ ಸಂಸ್ಥೆಯು ಇವು ಬಲವನ್ನು ಹೆಚ್ಚಿಸುತ್ತವೆಂಬುದಕ್ಕೆ ನಿರ್ಣಾಯಕ ಪ್ರಮಾಣವಿಲ್ಲವೆಂದು ಪ್ರಕಟಿಸಿತು. ಗರಡಿಯ ಕನ್ನಡಿಯು ಬೇರೆಯದನ್ನೇ ಹೇಳುತ್ತಿತ್ತು. ಕಣ್ಣಿಗೆ ಕಾಣುವ ಗುಣವನ್ನು ಅಲ್ಲಗಳೆದ ವೈದ್ಯರು ಕಾಣದ ದೋಷವನ್ನು ಕುರಿತು ಹೇಳಿದಾಗ ಅಂಗಸಾಧಕರು ನಂಬಲಿಲ್ಲವೆಂದರೆ ಅದು ಅವರೊಬ್ಬರದೇ ಅಪರಾಧವೆನ್ನಲಾಗದೆಂದು ನನ್ನ ಅಭಿಪ್ರಾಯ. 1980ರ ದಶಕದಲ್ಲಿ ಸಂಸ್ಥೆಯು ತನ್ನ ನಿಲುವನ್ನು ತಿದ್ದಿಕೊಂಡಿತಾದರೂ ಗುಳಿಗೆ ಆಗಲೇ ಊರೂರಿನ ಗರಡಿಗಳನ್ನು ಹೊಕ್ಕಿತ್ತು.

1990ರಲ್ಲಿ ಅಮೆರಿಕವು ಸ್ಟೆರಾಯ್ಡುಗಳನ್ನು ಕಾಯಿದೆಯ ಹಿಡಿತಕ್ಕೆ ತಂದಿತು. ವಿಶ್ವ ಆರೋಗ್ಯ ಸಂಸ್ಥೆಯ ಒಂದು ಅಧ್ಯಯನವೂ ಆ ವರ್ಷವೇ ಪ್ರಕಟವಾಯಿತು: ವಾರಕ್ಕೆ 200 ಮಿಲಿಗ್ರಾಂ ಟೆಸ್ಟಾಸ್ಟಿರೋನ್ ಸಂಯುಕ್ತವನ್ನು ಪಡೆದ 271 ಆರೋಗ್ಯವಂತ ಪುರುಷರಲ್ಲಿ 157 ಮಂದಿಯ ವೀರ್ಯವು ನಿರ್ಬೀಜವಾಗಿತ್ತು. ಆ ಪರೀಕ್ಷೆಯನ್ನು ನಡೆಸಿದ್ದು ಗಂಡಸರಿಗೆ ಸಂತಾನನಿರೋಧಕವೊಂದನ್ನು ಹುಡುಕುವ ಸಲುವಾಗಿ.